ಆ ಹೆಸರಿಗೆ ಓಗೊಟ್ಟವಳು

ಅಪ್ಪಾ,

ಇವತ್ತು ಬೆಳಿಗ್ಗೆ ಚಿಕ್ಕಬಾಣಾವರ ಸ್ಟೇಷನ್ ಪಕ್ಕದ ಟೀ ಅಂಗಡಿ ಮುಂದೆ ಮಲಗಿದ್ದ ಕಂದು ನಾಯಿಯೊಂದು ನನ್ನ ಹಳೆಯ ಹೆಸರಿಗೆ ತಲೆಯೆತ್ತಿ ನೋಡಿತು. ನಾನು ನಿನ್ನ ಮಗನಾಗಿದ್ದಾಗ ನೀನಿಟ್ಟ ಹೆಸರಿಗೆ. ಅಲ್ಲಿ ಕೂರುವ ಹುಡುಗರು ಬಿಸ್ಕತ್ತು ಹಾಕಿ ಹಾಕಿ ಅದಕ್ಕೆ ಅಭ್ಯಾಸ ಮಾಡಿಸಿದ್ದಾರೆ. "ನೋಡ್ ಗುರು, ಇದಾದ್ರೂ ತಿರುಗುತ್ತೆ, ಮೇಡಮ್ಮು ತಿರುಗಲ್ಲ" ಅಂದ ಒಬ್ಬ. ಉಳಿದವರು ನಕ್ಕರು. ನಾನು ತಿರುಗಲಿಲ್ಲ. ಆದರೆ ನಾಯಿ ನನ್ನ ಹಿಂದೆಯೇ ಗೇಟಿನವರೆಗೂ ಬಂತು. ಅದನ್ನು ಏನೆಂದು ಕರೆದು ಓಡಿಸಲಿ?

ಆ ಹೆಸರು ಸತ್ತವರೊಬ್ಬರದು ಎಂದು ನನಗೆ ತಿಳಿದದ್ದು ತೀರಾ ಚಿಕ್ಕವಳಿದ್ದಾಗ, ಪಿತೃಪಕ್ಷದ ಒಂದು ಸಂಜೆ. ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಚಿಕ್ಕಪ್ಪನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ. ಎಡೆಯಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು, ಸತ್ತವರು ಒಳಗೆ ಕೂತು ಉಣ್ಣಲೆಂದು. ಆಗ ನೀನು ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನನ್ನ ಹೆಸರು ಹಿಡಿದು ಕೂಗಿದೆ. "ಬಾರಪ್ಪಾ, ಬಂದು ಉಣ್ಣು." ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಬಾವಿಗೆ ಬಿದ್ದು ಹೋದ ನಿನ್ನ ತಮ್ಮನನ್ನು, ನನಗೆ ಯಾರ ಹೆಸರಿಟ್ಟಿದ್ದೆಯೋ ಆ ಚಿಕ್ಕಪ್ಪನನ್ನು, ನೀನು ಕರೆಯುತ್ತಿದ್ದೀಯೆಂದು ಅಮ್ಮ ಕಿವಿಯಲ್ಲಿ ಹೇಳಿದಳು. ಅವತ್ತಿನಿಂದ ಯಾರು ಆ ಹೆಸರು ಕರೆದರೂ ಇನ್ನೊಬ್ಬರಿಗಾಗಿ ಒಂದು ಕ್ಷಣ ಕಾಯುತ್ತಿದ್ದೆ.

ನಾನು ಮನೆಬಿಟ್ಟು ಸೀರೆಯುಟ್ಟ ವರ್ಷವೂ ಆ ಸಂಜೆಗೆ ಬಂದಿದ್ದೆ. ರಸ್ತೆಯಾಚೆ ನಿಂತಿದ್ದ ಟೆಂಪೋ ಮರೆಯಲ್ಲಿದ್ದೆ. ಬಾಗಿಲು ಮುಚ್ಚಿತು. ನೀನು ಕೂಗಿದೆ. ಹುಟ್ಟಿದಾಗಿನಿಂದ ಅದೇ ಹೆಸರಿಗೆ ಓಗೊಟ್ಟ ಬಾಯಿ, ನಾನು ಯೋಚಿಸುವ ಮೊದಲೇ "ಓ" ಅಂದುಬಿಟ್ಟಿತು. ಅಂಗಳದಲ್ಲಿ ಒಬ್ಬರೂ ಅಲುಗಲಿಲ್ಲ. ಆಮೇಲೆ ಅಜ್ಜಿ ಎದೆ ಹಿಡಿದುಕೊಂಡು ಕೂತು, "ಓ ಅಂದ ಕಣ್ರೋ! ನನ್ ಮಗ ಓ ಅಂದ! ಅದೇ ದನಿ ಕಣ್ರೋ!" ಎಂದು ಅಳುತ್ತಾ ನಕ್ಕಳು. ಎಲ್ಲರೂ ಬಾಗಿಲಿನ ಕಡೆ ಕೈಮುಗಿದರು. ನೀನೊಬ್ಬ ಮಾತ್ರ ರಸ್ತೆಯ ಕಡೆ ತಿರುಗಿ ಇನ್ನೊಮ್ಮೆ ಕರೆದೆ, ಮೆಲ್ಲಗೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮರುವರ್ಷ ನೀನು ಎರಡು ಎಲೆ ಹಾಕಿದೆಯೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಒಂದು ತಮ್ಮನಿಗೆ. ಇನ್ನೊಂದು? ನನ್ನನ್ನೂ ಸತ್ತವರ ಪಂಕ್ತಿಯಲ್ಲಿ ಕೂರಿಸಿದೆಯಾ? ಇಲ್ಲಾ, ಹಸಿದು ರಸ್ತೆಯಲ್ಲಿ ನಿಂತಿದ್ದವಳು ಬರಲಿ ಎಂದು... ಕೇಳಬೇಕು ಅನ್ನುವಷ್ಟರಲ್ಲಿ ನೀನೇ ಹೋದೆ.

ನಿನಗೆ ತಿಳಿಯದ ಸುದ್ದಿ ಇದು: ನಾನು ವಾರ್ಡ್ ಚುನಾವಣೆಗೆ ನಿಲ್ಲುತ್ತಿದ್ದೇನೆ. ನಾಲ್ಕು ಜನರ ಮುಂದೆ ನಾಲಿಗೆ ಒಣಗುವ ನಾನು! ಬೀದಿಯವರಿಗೆ ನೀರಿನ ಅರ್ಜಿ, ಪಿಂಚಣಿ ಅರ್ಜಿ ಬರೆದುಕೊಡುತ್ತಿದ್ದೆ; ಅವರೇ ನಿಲ್ಲು ಅಂದರು. ಮೊನ್ನೆ ವಕೀಲರು ನಾಮಪತ್ರದ ಜೊತೆ ಕೊಡಬೇಕಾದ ಅಫಿಡವಿಟ್ ಮುಂದಿಟ್ಟರು. "ನೋಡಮ್ಮ, ಹಳೇ ಹೆಸರು ಬರೀರಿ ಅಂತ ಇಲ್ಲೆಲ್ಲೂ ನೇರವಾಗಿ ಕೇಳಿಲ್ಲ. ಆದ್ರೆ ಏನ್ ಓದಿದೀರ ಅಂತ ಕೇಳ್ತಾರೆ. ನಿಮ್ ಸರ್ಟಿಫಿಕೇಟೆಲ್ಲಾ ಆ ಹೆಸರಲ್ಲಿದೆ. ಬದಲಾಯಿಸೋಕೆ ಈಗ ಟೈಮಿಲ್ಲ. ಬರೀದಿದ್ರೆ ಮುಚ್ಚಿಟ್ರು ಅಂತ ಎದುರಿನೋರು ತಕರಾರು ತೆಗೀತಾರೆ. ಬರೆದ್ರೆ ಕಚೇರಿ ಬೋರ್ಡಿಗೆ ಅಂಟಿಸ್ತಾರೆ, ನೆಟ್ಟಲ್ಲೂ ಹಾಕ್ತಾರೆ. ಊರೆಲ್ಲಾ ಓದುತ್ತೆ."

ಮನೆ ಓನರ್ ಷಾಹಿದಾ ಆಪಾ ಹತ್ತಿರ ಸುಲಭದ ದಾರಿಯಿತ್ತು. "ಓದೇ ಇಲ್ಲ ಅಂತ ಬರ್ದ್‌ಬಿಡು ಚೈತ್ರಾ. ಸರ್ಟಿಫಿಕೇಟೇ ಬೇಡ."

"ಎಂ.ಎ. ಮಾಡಿದೀನಿ ಆಪಾ."

"ಮಾಡಿ ಏನ್ ಕಿಸಿದೆ? ನಮ್ ಮೋರಿಗೆ ಅರ್ಜಿ ಬರ್ದೆ. ಚೆನ್ನಾಗೇ ಬರ್ದೆ. ಮೋರಿ ಮಾತ್ರ ಹಂಗೇ ಐತೆ."

ನಕ್ಕೆ, ಅಪ್ಪ. ನಕ್ಕು ಒಳಗೆ ಬಂದು ಅಫಿಡವಿಟ್‌ನಲ್ಲಿ ಓದಿನ ವಿವರಕ್ಕೆಂದು ಬಿಟ್ಟಿದ್ದ ಖಾಲಿ ಜಾಗವನ್ನು ನೋಡುತ್ತಾ ಕೂತೆ. ಆ ಹೆಸರು ಬರೆಯದಿದ್ದರೆ, ಲೈಬ್ರರಿಯ ಕೊನೆಯ ಬೆಂಚಿನಲ್ಲಿ ಕೂತು ಓದಿದ್ದು ಯಾರು? ಬರೆದರೆ, ಈಗ ಇಲ್ಲಿ ಕೂತಿರುವವಳು ಯಾರು ಎಂದು ಊರು ಕೇಳುತ್ತದೆ. ನಾನು ಹುಟ್ಟುವ ಮೊದಲೇ ಸತ್ತಿದ್ದ ಚಿಕ್ಕಪ್ಪ, ಸಾಯದೆಯೇ ಇಲ್ಲವಾದ ನಿನ್ನ ಮಗ, ಇಬ್ಬರೂ ನನ್ನ ಬೆನ್ನ ಹಿಂದೆ ನಿಂತು ಪೆನ್ನನ್ನೇ ನೋಡುತ್ತಿದ್ದಂತಿತ್ತು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ವಕೀಲರಿಗೂ ಆಪಾಗೂ ಇನ್ನೂ ಹೇಳಿಲ್ಲ. ಬರೆಯುತ್ತೇನೆ. ಆ ಹೆಸರಿನಲ್ಲಿ ಓದಿದವಳು ನಾನೇ ಎಂದು ಕೈಯಾರೆ ಬರೆದು, ಕೆಳಗೆ ಚೈತ್ರಾ ಎಂದು ಸಹಿ ಹಾಕುತ್ತೇನೆ. ಅದನ್ನು ಕಚೇರಿಯ ಬೋರ್ಡಿಗೆ ಅಂಟಿಸಿದ ದಿನ ಪಕ್ಕದಲ್ಲೇ ನಿಂತಿರುತ್ತೇನೆ. ಆ ಸಾಲಿನವರೆಗೆ ಓದಿ ಯಾರಾದರೂ ನನ್ನ ಕಡೆ ತಿರುಗಿದರೆ, ಕೈಮುಗಿದು ಓಟು ಕೇಳುತ್ತೇನೆ.