ಮೂರು ಪಾಲಾದ ಪೊಟ್ಟಣ

ಅಮ್ಮಾ,

ಸೊರಗಿದ ಮಗಳಿಗೆಂದು ನಾವು ಕೊಟ್ಟ ಪೌಷ್ಟಿಕ ಆಹಾರದ ಪೊಟ್ಟಣವನ್ನು ನಾನು ಕೆಲಸ ಮಾಡುವ ನಿರಾಶ್ರಿತರ ಶಿಬಿರದ ತಾಯಿಯೊಬ್ಬಳು ತನ್ನ ಮೂರೂ ಮಕ್ಕಳಿಗೆ ಹಂಚಿದ್ದಳು. ಇವತ್ತು ತೂಗಿದರೆ ಮಗುವಿನ ತೂಕ ಒಂದಿಷ್ಟೂ ಏರಿರಲಿಲ್ಲ.

"ಹಂಚೋರಿಗೆ ಕೊಡೋದು ದಂಡ. ಪಟ್ಟಿಯಿಂದ ಹೆಸರು ತೆಗೀರಿ," ಎಂದರು ಮೇಲ್ವಿಚಾರಕರು.

"ಇನ್ನಿಬ್ಬರು ಬಾಯಿ ನೋಡ್ತಾ ಕೂತಿರ್ತಾರೆ ಸಾರ್. ಒಬ್ಬಳಿಗೇ ಹೇಗೆ ತಿನ್ನಿಸಲಿ?" ಎಂದಳು ಆ ತಾಯಿ.

ನಾನು ಆ ಇಬ್ಬರನ್ನೂ ಕರೆಸಿ, ಎಷ್ಟು ಸೊರಗಿದ್ದಾರೆಂದು ತೋಳು ಅಳೆದು, ಪಟ್ಟಿಯಲ್ಲಿ ಮೂರು ಹೆಸರು ಬರೆದೆ.

"ತೋಳು ಇಷ್ಟು ದಪ್ಪ ಇರೋರಿಗೆ ಪೊಟ್ಟಣ ಇಲ್ಲ ಅನ್ನೋ ನಿಯಮ ಗೊತ್ತಿಲ್ವೇನ್ರೀ?" ಎಂದರು ಮೇಲ್ವಿಚಾರಕರು.

"ಚೆನ್ನಾಗಿ ಗೊತ್ತು ಸಾರ್. ಬೇಕಾದ್ರೆ ಕೆಲಸದವರ ಪಟ್ಟಿಯಿಂದ ನನ್ನ ಹೆಸರು ತೆಗೀರಿ. ಇವರದ್ದು ಮುಟ್ಟಬೇಡಿ."

ಅವರು ಪಟ್ಟಿ ಮುಟ್ಟಲಿಲ್ಲ.

ನಾವೂ ಇಂಥದೇ ಶಿಬಿರದಲ್ಲಿದ್ದಾಗ ನೀನೂ ತಮ್ಮನ ಪೊಟ್ಟಣದಲ್ಲಿ ನನಗೆ ಅರ್ಧ ಕೊಡುತ್ತಿದ್ದೆ. ಅವನು ಹೋದ ದಿನ, "ನೀನೇ ಕೊಂದೆ," ಎಂದು ಎಲ್ಲರೆದುರು ನಿನ್ನ ಮೇಲೆ ಕೂಗಾಡಿದೆ.

ಅವನ ಖಾಲಿ ಪೊಟ್ಟಣ ಸೀಳಿ ಒಳಗೆಲ್ಲ ನೆಕ್ಕುತ್ತಿದ್ದವಳು ನಾನು.