ತೈವೊ ಕುಳಿತ ಕುರ್ಚಿ

ಇಕಿರುನ್,
೧೪ ಜನವರಿ ೨೦೧೯, ಸೋಮವಾರ

ಪ್ರೀತಿಯ ಕೆಹಿಂಡೆ,

ಹೇಗಿದ್ದೀಯ ಮಗಳೇ? ಲಾಗೋಸಿನ ಹೊಗೆಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆಯಂತೆ, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ ಎಂದು ನಿನ್ನ ಅತ್ತೆ ರಾಫತು ದಿನಕ್ಕೆ ಎರಡು ಸಲ ನನ್ನನ್ನೇ ಕೇಳುತ್ತಾಳೆ, ನಾನೇ ವೈದ್ಯನೆಂಬಂತೆ. ಶುಂಠಿ ಕುದಿಸಿ ಕುಡಿ. ಇಲ್ಲಿ ಮರುಭೂಮಿಯ ದೂಳು ಹೊತ್ತ ಹರ್ಮಟ್ಟಾನ್ ಗಾಳಿ ಎದ್ದು ಹತ್ತು ದಿನವಾಯಿತು. ಊರಿಗೆ ಊರೇ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ರಂಗದ ಪಕ್ಕದಲ್ಲಿ ತನ್ನ ಪ್ರವೇಶಕ್ಕೆ ಕಾಯುತ್ತಿರುವ ಹಾಗೆ ನಿಂತಿದೆ. ನನ್ನ ತುಟಿ ಒಡೆದಿದೆ, ಎಡಮಂಡಿ ಹಿಡಿದುಕೊಂಡಿದೆ, ಗಂಟಲು ಮಾತ್ರ ಹಾಗೇ ಇದೆ. ಸ್ಟುಡಿಯೋ ಬಾಗಿಲಲ್ಲಿ ನಿಂತು ಆಕಳಿಸಿದರೂ ಸಾಕು, ಸಂತೆಯ ಆ ತುದಿಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸರು ತಿರುಗಿ ನೋಡುತ್ತಾರೆ.

ನಿನ್ನ ಪತ್ರವೂ ಫೋಟೋ ಪ್ರದರ್ಶನದ ಕಿರುಪುಸ್ತಕವೂ ಕೈಸೇರಿದವು. ರಾಫತುವಿಗೆ ಎರಡು ಸಲ ಓದಿ ಹೇಳಿದೆ. ಗಂಡನಿಲ್ಲದವಳಿಗೆ ಬಾಡಿಗೆಗೆ ಕೊಡುವುದಿಲ್ಲ ಎಂದು ಮನೆಯ ಮಾಲೀಕರು ಹೊರಗೆ ಕಳಿಸಿದ ಹೆಂಗಸರನ್ನು ಅವರವರ ಪೆಟ್ಟಿಗೆ, ಹಾಸಿಗೆಗಳ ಮೇಲೆಯೇ ಕೂರಿಸಿ ತೆಗೆದಿದ್ದೀಯಲ್ಲ, ಆ ಪುಟಗಳ ಮೇಲೆ ಅವಳು ಬಹಳ ಹೊತ್ತು ಕೈಯಿಟ್ಟುಕೊಂಡು ಕೂತಿದ್ದಳು. "ನಿಮ್ಮ ಸ್ಟುಡಿಯೋದಲ್ಲಿ ಎಲ್ರೂ ಸಿಂಹಾಸನದ ಮೇಲೆ ಕೂತಿರೋರೇ. ಇವಳ ಚಿತ್ರದಲ್ಲಿ ಜನ ತಮ್ತಮ್ಮ ಪೆಟ್ಟಿಗೆ ಮೇಲೇ ಕೂತಿದಾರೆ ನೋಡ್ರಿ," ಎಂದಳು. ನಲವತ್ತು ವರ್ಷದ ನನ್ನ ವೃತ್ತಿಯನ್ನು ಒಂದೇ ಮಾತಿನಲ್ಲಿ ಮಡಚಿಟ್ಟಳು ಆ ಮಹಾತಾಯಿ. ಆದರೂ ಅವಳು ಹೇಳಿದ್ದು ಸರಿ. ನಾನು ಜನರನ್ನು ಅವರು ಬಯಸಿದ ಹಾಗೆ ತೆಗೆದೆ, ನೀನು ಇರುವ ಹಾಗೆ ತೆಗೆಯುತ್ತೀ. ಅದಕ್ಕೇ ಈ ಪತ್ರ ಬರೆಯುವುದು ಕಷ್ಟವಾಗಿದೆ.

ಪ್ರದರ್ಶನದ ಕೊನೆಯ ಗೋಡೆ ಪೂರ್ತಿ ನಿನ್ನ ಅವಳಿ ತಮ್ಮ ತೈವೊನಿಗೆ ಎಂದು ಬರೆದಿದ್ದೀ. ನಿನ್ನ ಅಮ್ಮನ ಮನೆಯಲ್ಲಿ ತೂಗುಹಾಕಿದ್ದ ಜೋಡಿ ಚಿತ್ರದಿಂದ ಅವನೊಬ್ಬನನ್ನೇ ತೆಗೆದು ಎಂಟು ಅಡಿ ಎತ್ತರಕ್ಕೆ ದೊಡ್ಡದು ಮಾಡಬೇಕು, ಹಳೆಯ ಪ್ರತಿ ಮಾಸಿದೆ, ಮೂಲ ನೆಗೆಟಿವ್ ಕಳಿಸು ಮಾವ, ಎಂದಿದ್ದೀ. ನೆಗೆಟಿವ್ ನನ್ನ ಹತ್ತಿರ ಇದೆ. ಹುಡುಕಬೇಕಾಗಲಿಲ್ಲ, ಮೂವತ್ತೊಂದು ವರ್ಷದಿಂದ ಅದು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ನೀನು ಬೆಳಕಿಗೆ ಹಿಡಿದ ಗಳಿಗೆಯಲ್ಲಿ ಹುಡುಗನ ಎಡಹುಬ್ಬಿನ ಮೇಲೆ ಒಂದು ಗಾಯದ ಗೆರೆ ಕಾಣುತ್ತದೆ. ಪ್ರತಿಯಲ್ಲಿ ಅದನ್ನು ನಾನು ಕುಂಚದಿಂದ ಮುಚ್ಚಿದ್ದೆ. ಎಂಟು ಅಡಿಗೆ ಹಿಗ್ಗಿಸಿದರೆ ಆ ಗೆರೆ ಅಂಗೈಯಷ್ಟು ಉದ್ದವಾಗುತ್ತದೆ, ನೀನು ಕನ್ನಡಿಯಲ್ಲಿ ದಿನವೂ ನೋಡುವ ಗೆರೆ. ಮೂರನೆಯ ವಯಸ್ಸಿನಲ್ಲಿ ಬಾವಿಕಟ್ಟೆಯ ಮೇಲೆ ಬಿದ್ದವಳು ನೀನು, ನಿನಗೆ ಹೊಲಿಗೆ ಹಾಕಿಸಿಕೊಂಡು ಬಂದವನು ನಾನು. ಗೋಡೆಯಿಂದ ನಿನಗೆ ಗೊತ್ತಾಗುವುದು ಬೇಡ, ನನ್ನಿಂದ ಗೊತ್ತಾಗಲಿ. ಆ ಹುಡುಗ ತೈವೊ ಅಲ್ಲ ಮಗಳೇ. ಆ ಹುಡುಗ ನೀನು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಪ್ಪನ ನಾಟಕ ಕಂಪನಿಯ ಲಾರಿಯಲ್ಲಿ ಊರೂರು ಅಲೆದು, ಇಂದು ರಾಜನಾಗಿ ನಾಳೆ ಭೂತವಾಗಿ ಕೂಗಿ ಕೂಗಿ ಪಳಗಿದ ಗಂಟಲು ಇದು. ನಿಜ ಹೇಳಿದರೂ ಬಾಯಿಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ಕಾಗದದ ಮೇಲೆ ನನ್ನ ದನಿ ಇರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೋಕ ಹೇಗಿದೆ ನೋಡು ಎಂದು ತೈವೊನನ್ನು ಮುಂದೆ ಕಳಿಸಿ, ಅವನು ಅತ್ತ ಮೇಲೆ ನೀನು ಬಂದವಳು. ಆದ್ದರಿಂದ ಹಿಂದೆ ಹುಟ್ಟಿ ಬಂದರೂ ನಮ್ಮವರ ಲೆಕ್ಕದಲ್ಲಿ ಅಕ್ಕ ನೀನೇ. ಅವನು ಹೋದದ್ದು ನಿನ್ನ ಅಮ್ಮ ಹೇಳಿದಂತೆ ಐದನೆಯ ವರ್ಷದಲ್ಲಲ್ಲ, ಏಳನೆಯ ತಿಂಗಳಲ್ಲಿ. ಇಬ್ಬರಿಗೂ ದಡಾರ ಬಂತು, ನಿನಗೆ ಇಳಿಯಿತು, ಅವನಿಗೆ ಇಳಿಯಲಿಲ್ಲ. ಅವನದೊಂದು ಚಿತ್ರವೂ ಇರಲಿಲ್ಲ. ಸೋದರಮಾವ ಫೋಟೋಗ್ರಾಫರ್, ಊರಿನ ಮಕ್ಕಳನ್ನೆಲ್ಲ ಹಲಗೆಯ ಕುದುರೆಯ ಮೇಲೆ ಕೂರಿಸಿ ತೆಗೆದವನು; ಮನೆಯ ಮಕ್ಕಳಲ್ಲವೇ, ನಾಳೆ ತೆಗೆದರಾಯಿತು ಎಂದುಕೊಂಡೇ ಏಳು ತಿಂಗಳು ಕಳೆದಿದ್ದೆ.

ಅವಳಿ ಜೋಡಿಯಲ್ಲಿ ಒಬ್ಬರು ಹೋದರೆ ಅವರಿಗೆ ಮನೆಯಲ್ಲೊಂದು ಜಾಗ ಮಾಡಿಕೊಡಬೇಕು, ಇಲ್ಲದಿದ್ದರೆ ಉಳಿದವರನ್ನು ಕರೆಯುತ್ತಾರೆ. ನಮ್ಮಜ್ಜಿಯ ಕಾಲದಲ್ಲಿ ಮರದ ಗೊಂಬೆ ಕೆತ್ತಿಸಿ, ಅದಕ್ಕೆ ಸ್ನಾನ ಮಾಡಿಸಿ, ಉಣಿಸಿ, ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ನಿನ್ನ ಅಮ್ಮ ಅಸಾಬಿ ಚರ್ಚಿಗೆ ಸೇರಿದ್ದಳು. ಗೊಂಬೆ ಬೇಡವೆಂದು ಪಾದ್ರಿ ಕಟ್ಟಪ್ಪಣೆ ಮಾಡಿದ್ದ. ಫೋಟೋ ಬೇಡವೆಂದು ಹೇಳಲು ಅವನಿಗೆ ತೋಚಿರಲಿಲ್ಲ. ನಿನಗೆ ನಾಲ್ಕು ತುಂಬಿದ ವರ್ಷ ಜ್ವರ ಬಂದು ಬಂದು ಹೋಗುತ್ತಿತ್ತು. ಒಂದು ಬೆಳಿಗ್ಗೆ ಅಸಾಬಿ ನಿನ್ನ ಕೈಹಿಡಿದು ಸ್ಟುಡಿಯೋಗೆ ಬಂದಳು. ಒಂದು ಕೈಯಲ್ಲಿ ನೀನು, ಇನ್ನೊಂದರಲ್ಲಿ ಬಟ್ಟೆಗಂಟು. "ಅಣ್ಣಾ, ಇಬ್ರನ್ನೂ ತೆಗಿ," ಎಂದಳು. ಅಷ್ಟೇ.

ಆ ಕೆಲಸ ನನಗೆ ಹೊಸದಾಗಿರಲಿಲ್ಲ. ಇಬ್ಬರೂ ಹೆಣ್ಣೋ ಇಬ್ಬರೂ ಗಂಡೋ ಆಗಿದ್ದರೆ ಉಳಿದ ಮಗುವಿನ ಒಂದೇ ನೆಗೆಟಿವನ್ನು ಅಕ್ಕಪಕ್ಕ ಎರಡು ಸಲ ಅಚ್ಚು ಹಾಕಿದರೆ ಮುಗಿಯಿತು. ಒಂದು ಗಂಡು ಒಂದು ಹೆಣ್ಣಾದರೆ ಉಳಿದ ಮಗುವಿಗೆ ಎರಡು ವೇಷ. ಕಾಗದದ ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಒಬ್ಬರನ್ನು ಇಳಿಸುವುದು, ರಟ್ಟು ಸರಿಸಿ ಇನ್ನೊಬ್ಬರನ್ನು ಇಳಿಸುವುದು. ಹೀಗೆ ಈ ಸೀಮೆಯ ಎಷ್ಟೋ ತಾಯಂದಿರಿಗೆ ಹೋದ ಮಕ್ಕಳನ್ನು ಕುರ್ಚಿಯ ಮೇಲೆ ಕೂರಿಸಿ ಕೊಟ್ಟವನು ನಾನು. ವೇಷ ಕಟ್ಟುವ ಮನೆತನದವನಿಗೆ ಇದರಲ್ಲಿ ಭಯವೇನು ಎಂದುಕೊಂಡಿದ್ದೆ.

ಮೊದಲು ನಿನ್ನನ್ನು ನಿನ್ನ ಹಳದಿ ಲಂಗದಲ್ಲೇ ತೆಗೆದೆ. ನೀನು ಕಿಸಕ್ಕನೆ ನಗುತ್ತಿದ್ದೆ, ಕಾಲು ಅಲ್ಲಾಡಿಸುತ್ತಿದ್ದೆ, "ಮಾವಾ, ಆ ಪೆಟ್ಟಿಗೆ ಒಳಗೆ ಯಾರಿದಾರೆ?" ಎಂದು ಐದು ಸಲ ಕೇಳಿದೆ. ಆಮೇಲೆ ಅಸಾಬಿ ಪರದೆಯ ಹಿಂದೆ ಕರೆದುಕೊಂಡು ಹೋಗಿ ಗಂಡುಮಕ್ಕಳ ನಿಲುವಂಗಿ ತೊಡಿಸಿ, ಕಸೂತಿಯ ಟೊಪ್ಪಿ ಇಟ್ಟು ಕಳಿಸಿದಳು. ನೀನು ಬಂದು ಅದೇ ಕುರ್ಚಿಯಲ್ಲಿ ಕುಳಿತೆ. ಮಂಡಿ ಅಗಲಿಸಿ, ಎರಡೂ ಅಂಗೈ ಮಂಡಿಯ ಮೇಲೂರಿ, ಗಂಡಸರು ಪಂಚಾಯಿತಿಯಲ್ಲಿ ಕೂರುವಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ನಗು ಇಲ್ಲ, ಪ್ರಶ್ನೆ ಇಲ್ಲ. ಅಸಾಬಿ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ "ತೈವೊ" ಎಂದಳು. ನೀನು ಅವಳತ್ತ ನೋಡಿದೆ. ನಾನು ಗುಂಡಿ ಒತ್ತಿದೆ.

ಒಂದೇ ಮಗು, ಒಂದೇ ಕುರ್ಚಿ, ನಡುವೆ ಹದಿನೈದು ನಿಮಿಷ. ಆದರೂ ಆ ಎರಡು ಮುಖಗಳಿಗೆ ಹೋಲಿಕೆ ಇಲ್ಲ. ನಾನು ಹೇಳುತ್ತಿರುವುದಲ್ಲ, ಊರೇ ಹೇಳಿತು. "ಹುಡುಗಿ ಅಸಾಬಿಯ ಪಡಿಯಚ್ಚು, ಹುಡುಗ ಅಪ್ಪನ ಥರ," ಎಂದು ನೆರೆಯವರು ಚಿತ್ರದ ಮುಂದೆ ನಿಂತು ಹೇಳುತ್ತಿದ್ದರು, ಹುಡುಗನನ್ನು ಮಣ್ಣು ಮಾಡಲು ಹೋಗಿದ್ದವರೇ. ವರ್ಷಕ್ಕೊಮ್ಮೆ ನಿನ್ನ ಅಮ್ಮ ಅವಳಿಗಳ ಹೆಸರಿನಲ್ಲಿ ಓಣಿಯ ಮಕ್ಕಳಿಗೆಲ್ಲ ತಾಳೆ ಎಣ್ಣೆಯಲ್ಲಿ ಅಲಸಂದೆ ಬೇಯಿಸಿ ಹಂಚುವಾಗ ಮೊದಲ ಎರಡು ತಟ್ಟೆ ಆ ಚಿತ್ರದ ಕೆಳಗೆ ಹೋಗುತ್ತಿದ್ದವು. ಆರನೆಯ ವಯಸ್ಸಿನಲ್ಲಿ ನೀನು ಇವನೆಲ್ಲಿ ಎಂದು ಕೇಳಿದೆ. "ಈ ಫೋಟೋ ತೆಗೆಸಿದ ಮೇಲೆ ಹೋದ, ಕಂದಾ," ಎಂದಳು ಅಸಾಬಿ. ನಾನು ಪಕ್ಕದಲ್ಲೇ ನಿಂತಿದ್ದೆ. ಇಡೀ ಬದುಕಿನಲ್ಲಿ ಒಂದೂ ಮಾತಿಲ್ಲದ ಪಾತ್ರ ಮಾಡಿದ್ದು ಅದೊಂದೇ ದಿನ.

ಈಗ ಇನ್ನೂ ಕಷ್ಟದ ಮಾತು. ನಿನ್ನ ಕಿರುಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೀ: ತಮ್ಮನ ಬಗ್ಗೆ ನನಗಿರುವುದು ಒಂದೇ ನೆನಪು, ನೀಲಿ ಪರದೆಯ ಮುಂದೆ ಕಸೂತಿ ಟೊಪ್ಪಿ ಇಟ್ಟುಕೊಂಡು ನಿಂತಿದ್ದ, ನನ್ನನ್ನೇ ನೋಡುತ್ತಿದ್ದ, ನಾನು ಕೈ ಎತ್ತಿದರೆ ತಾನೂ ಎತ್ತಿದ, ಈ ಒಂದು ನೋಟವನ್ನು ಹುಡುಕುತ್ತಲೇ ನಾನು ಕ್ಯಾಮೆರಾ ಹಿಡಿದೆ, ಎಂದು. ಮಗಳೇ, ನೀಲಿ ಪರದೆಯ ಎದುರಿಗೆ ನನ್ನ ಆಳೆತ್ತರದ ಕನ್ನಡಿ ಇತ್ತು. ಗಿರಾಕಿಗಳು ತಲೆವಸ್ತ್ರ ಸರಿಮಾಡಿಕೊಳ್ಳಲೆಂದು ಇಟ್ಟದ್ದು. ಅಸಾಬಿ ಟೊಪ್ಪಿ ಇಟ್ಟು ನಿನ್ನನ್ನು ಅದರ ಮುಂದೆ ನಿಲ್ಲಿಸಿದ್ದಳು.

ಈ ಸಾಲು ಬರೆದು ಹೊರಗೆ ಹೋಗಿ ಕುಳಿತಿದ್ದೆ. ರಾಫತು ಬಂದು, "ಬರೆದ್ರಾ, ಇಲ್ಲ ನಾಟಕ ಶುರು ಮಾಡ್ದೆ ಇನ್ನೂ ಡೋಲು ಬಾರಿಸ್ತಾನೇ ಇದೀರಾ?" ಎಂದಳು. ಬರೆದೆ ಎಂದೆ. "ಅವಳು ಇನ್ನು ಈ ಮನೆಗೆ ಬರ್ತಾಳಾ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ನಿನಗೇ ಕಳಿಸುತ್ತಿದ್ದೇನೆ. ಏಳು ತಿಂಗಳ ತಮ್ಮ ಹೇಗಿದ್ದನೆಂದು ನೀನು ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೇ: ನಿನಗಿಂತ ಕಪ್ಪು, ನಿನಗಿಂತ ಸುಮ್ಮನಿರುವವನು, ನನ್ನ ದನಿ ಕೇಳಿದರೆ ಅಳುತ್ತಿದ್ದ. ನೆಗೆಟಿವ್ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಆ ಗೋಡೆಗೆ ಏನು ಹಾಕಬೇಕು, ಕೆಳಗೆ ಯಾರ ಹೆಸರು ಬರೆಯಬೇಕು, ಬರಿಗೋಡೆಯನ್ನೇ ಬಿಡಬೇಕೋ ಎಂಬುದನ್ನು ನೀನು ನೋಡಿಕೊ. ನನ್ನ ಹೆಸರು ಹಾಕಿ ಬೈದು ಬರೆದರೂ ಸರಿ, ದೊಡ್ಡ ಅಕ್ಷರದಲ್ಲಿ ಬರೆ.

ನಿನ್ನ ಕಣ್ಣಿಗೂ ಕೈಗೂ ಆಯಸ್ಸು ಹೆಚ್ಚಲಿ, ನಿನ್ನ ಮನೆಯ ದೀಪ ಆರದಿರಲಿ. ರಾಫತು ಹುರಿದ ಮೆಣಸಿನ ಪುಡಿ ಕಳಿಸಿದ್ದಾಳೆ, ಕೆಮ್ಮಿರುವಾಗ ತಿನ್ನಬೇಡ ಎಂದೂ ಅವಳೇ ಹೇಳಿದ್ದಾಳೆ.

ನಿನ್ನ ಮಾವ,
ಲಾಡಿಪೊ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಈ ಲಕೋಟೆ ಒಯ್ಯುವ ಲಾಗೋಸಿನ ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿದೆ. ಫೋಟೋ ತೆಗೆದ ದಿನ ನೀನು ಆ ನಿಲುವಂಗಿ ಬಿಚ್ಚಲು ಒಪ್ಪಲಿಲ್ಲ. ಮೂರು ದಿನ ಕೆಹಿಂಡೆ ಎಂದರೆ ತಿರುಗಲಿಲ್ಲ, ತೈವೊ ಎಂದರೆ ಮಾತ್ರ ಓಗೊಟ್ಟೆ. "ಕೆಹಿಂಡೆ ಹೊರಗೆ ಹೋಗಿದಾಳೆ," ಎನ್ನುತ್ತಿದ್ದೆ. ಜ್ವರವೂ ಇರಲಿಲ್ಲ. ಅಸಾಬಿ ಅವನಿಗೆ ಉಣಿಸಿದಳು, ಅವನಿಗೆ ಹಾಡಿದಳು, ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ನಕ್ಕದ್ದನ್ನು ಓಣಿ ಕೇಳಿತು. ನಾಲ್ಕನೆಯ ದಿನ ನಾನು ಅಂಗಳದಲ್ಲಿ ನಿಂತು, ಹತ್ತು ಊರಿಗೆ ಕೇಳುವ ದನಿಯಲ್ಲಿ ನಿನ್ನ ಹೆಸರು ಕೂಗಿದೆ. ನೀನು ಅಳುತ್ತ ಓಡಿಬಂದು ನನ್ನ ಕಾಲು ತಬ್ಬಿದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಅಮ್ಮ, "ಅವನನ್ನ ಎರಡನೇ ಸಲ ಕಳಿಸಿಬಿಟ್ಯಲ್ಲ ಅಣ್ಣಾ," ಎಂದಳು. ಸಾಯುವವರೆಗೆ ಅವಳು ನನ್ನನ್ನು ಮತ್ತೆ ಅಣ್ಣಾ ಎಂದು ಕರೆಯಲಿಲ್ಲ. ಆ ದಿನ ನಿನ್ನ ಹೆಸರು ಕೂಗುವ ಹಕ್ಕು ನನಗಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನೀನು ಬಂದರೆ, ಯಾವಾಗ ಬಂದರೂ, ನಾನು ಯಾವ ಹೆಸರನ್ನೂ ಕೂಗುವುದಿಲ್ಲ, ಬಾಯಿಮುಚ್ಚಿ ಬಾಗಿಲು ತೆರೆಯುತ್ತೇನೆ. ನಿಮ್ಮಿಬ್ಬರಲ್ಲಿ ಯಾರು ಬಂದಿದ್ದೀರೆಂದು ನೀನೇ ಹೇಳು.