ಮಾಲೀಕರ ಸರದಿ ಯಾವಾಗ?

ಎರ್ಲೆನ್‌ಟಾಲ್,
ಭಾನುವಾರ, ೨೨ ಜೂನ್ ೨೦೨೫

ಪ್ರೀತಿಯ ಮಧು,

ಕುಶಲ ವಿಚಾರಿಸುವುದಕ್ಕೆ ಮೊದಲೇ ಸುದ್ದಿ ಹೇಳಿಬಿಡುತ್ತೇನೆ: ನಾವು ಗೆದ್ದೆವು. ಏನು ಗೆದ್ದೆವು, ಯಾರ ಮೇಲೆ ಗೆದ್ದೆವು ಅನ್ನುವುದನ್ನು ನೀನು ಕನ್ನಡಕ ಹುಡುಕಿಕೊಂಡು ಬಂದ ಮೇಲೆ ಓದು. ನನ್ನ ಗಂಟಲು ಪೂರ್ತಿ ಕೂತುಹೋಗಿದೆ. ನಿನ್ನೆ ಬೇಕರಿಯಲ್ಲಿ ಬ್ರೆಡ್ಡನ್ನು ಬೆರಳು ತೋರಿಸಿ ಕೊಂಡು ತಂದೆ. ಫುಟ್‌ಬಾಲ್ ಕ್ಲಬ್ಬಿಗಾಗಿ ಕೂಗಿ ದನಿ ಕಳೆದುಕೊಂಡ ಅಜ್ಜಿ ನಮ್ಮ ಧಾರವಾಡದ ಎಂ.ಎಸ್ಸಿ. ಬ್ಯಾಚಿನಲ್ಲಿ ನಾನೊಬ್ಬಳೇ ಇರಬೇಕು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀ, ಬೈಯಬೇಕಾದದ್ದೇ. ಮಂಡಿಯ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿ ಇಳಿಯುವುದು ಸಲೀಸಾಯಿತೇ? ಫೋನು ಮಾಡಬಹುದಿತ್ತು, ನಿಜ. ಆದರೆ ನಾನು ಫೋನು ಹಿಡಿದ ಕೂಡಲೇ ಇವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಆಗ ನಿನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ. ಇವತ್ತು ಇಲ್ಲಿಯ ಗೆಳತಿ ಜೂಲಿಯಾನಾ ಬಂದು ಇವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದಾಳೆ. ಮನೆ ಖಾಲಿ ಇದೆ, ಚಹಾ ಬಿಸಿ ಇದೆ, ಬರೆಯಲು ಕೂತಿದ್ದೇನೆ.

ನಿನಗೆ ಗೊತ್ತಲ್ಲ, ಗೋಪಿನಾಥರು ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯ ಕೆಲಸಕ್ಕೆ ಸೇರಿದ ವರ್ಷವೇ ಈ ಊರಿನ ಎಫ್‌ಸಿ ಎರ್ಲೆನ್‌ಟಾಲ್ ಕ್ಲಬ್ಬಿಗೆ ಸದಸ್ಯರಾದರು. ಶನಿವಾರ ಬಂತೆಂದರೆ ನೀಲಿ-ಹಳದಿ ಶಾಲು ಸುತ್ತಿಕೊಂಡು ಹೊರಟುಬಿಡುತ್ತಿದ್ದರು. ನಾನು ಮನೆಯಲ್ಲಿ ಹಾಯಾಗಿ ಸ್ವೆಟರ್ ಹೆಣೆಯುತ್ತಿದ್ದೆ. ಈಗೆರಡು ವರ್ಷದಿಂದ ನಾನೂ ಸದಸ್ಯಳಾಗಿ ಜೊತೆಗೆ ಹೋಗುತ್ತೇನೆ. ಮೊದಮೊದಲು ಸುಮ್ಮನೆ ಇವರ ತೋಳು ಹಿಡಿದು ನಿಂತಿರುತ್ತಿದ್ದೆ. ಆಮೇಲೆ ಆಟ ಅರ್ಥವಾಗತೊಡಗಿತು. ಆಮೇಲೆ ಸಿಟ್ಟು ಬರತೊಡಗಿತು. ನಮ್ಮ ಸಾಲಿನಲ್ಲಿ ನಿಲ್ಲುವ ರೆನಾಟೆ ಎಂಬಾಕೆ, ಅಂಚೆ ಕಚೇರಿಯಿಂದ ನಿವೃತ್ತಳಾದವಳು, ನನ್ನ ಬೆನ್ನು ತಟ್ಟಿ ಹೇಳಿದಳು: “ಸಿಟ್ಟು ಬಂತಲ್ಲ, ಈಗ ನೀನು ನಮ್ಮವಳು.”

ಸಿಟ್ಟಿಗೆ ಕಾರಣ ಮಾಲೀಕ. ಇಲ್ಲಿ ಕ್ಲಬ್ಬನ್ನು ಇಡಿಯಾಗಿ ಕೊಂಡುಕೊಳ್ಳಲು ಬಿಡುವುದಿಲ್ಲ, ಸದಸ್ಯರ ಮಾತು ನಡೆಯಬೇಕು ಅಂತ ನಿಯಮ. ಆದರೂ ದುಡ್ಡು ಹಾಕಿದವರ ಮಾತೇ ದೊಡ್ಡದಾಗುತ್ತದೆ, ಅದು ಎಲ್ಲ ಕಡೆ ಒಂದೇ. ನಾಲ್ಕು ವರ್ಷದ ಕೆಳಗೆ ಯಾವುದೋ ದೇಶದಲ್ಲಿ ಕೂತ ಒಬ್ಬ ಶ್ರೀಮಂತ ನಮ್ಮ ಗಂಡಸರ ತಂಡದ ಕಂಪನಿಯಲ್ಲಿ ದೊಡ್ಡ ಪಾಲು ಹಿಡಿದ. ಇಡೀ ಕ್ಲಬ್ಬಿನ ಖರ್ಚು ನಡೆಯುವುದು ಆ ಕಂಪನಿಯ ದುಡ್ಡಿನಲ್ಲೇ. ಇಲ್ಲಿಯವರೆಗೆ ಒಮ್ಮೆಯೂ ಊರಿಗೆ ಕಾಲಿಟ್ಟಿಲ್ಲ. ಜನ ಅವನಿಗೆ ಜರ್ಮನ್‌ನಲ್ಲಿ ‘ಹೆರ್ ನಿರ್ಗೆಂಡ್‌ವೋ’, ಅಂದರೆ ‘ಎಲ್ಲೂ ಇಲ್ಲದ ಸಾಹೇಬರು’ ಎಂದು ಹೆಸರಿಟ್ಟಿದ್ದಾರೆ. ಸಾಹೇಬರು ಬರಲಿಲ್ಲ, ಅವರ ಕತ್ತರಿ ಮಾತ್ರ ತಿಂಗಳು ತಿಂಗಳು ಬಂತು. ಹುಲ್ಲು ನೋಡಿಕೊಳ್ಳುತ್ತಿದ್ದವನನ್ನು ತೆಗೆದರು. ಬೇರೆ ಊರಿಗೆ ಆಡಲು ಹೋಗುವ ಹುಡುಗಿಯರ ಬಸ್ಸು ನಿಂತಿತು. ಅವರ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಸಿನೀರು ನಿಂತಿತು, ಅದೂ ಜನವರಿಯಲ್ಲಿ.

ಜೂಲಿಯಾನಾ ಮಂಗಳೂರಿನವಳು, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು ಜೆಸ್ಸಿ ಹುಡುಗಿಯರ ತಂಡದ ಗೋಲ್‌ಕೀಪರ್. ಆ ದಿನ ಕೆಸರು ಮೆತ್ತಿಕೊಂಡೇ ನಡುಗುತ್ತ ಮನೆಗೆ ಬಂದ ಮಗಳನ್ನು ಜೂಲಿಯಾನಾ ನೇರ ನಮ್ಮ ಮನೆಗೆ ಕರೆತಂದಳು.

“ಎಂತ ಮಾಡುವುದು ಸಾವಿತ್ರಿಯಕ್ಕ, ಇವಳಿಗೆ ಜ್ವರ ಬಂದರೆ ಆ ನಿರ್ಗೆಂಡ್‌ವೋ ಬಂದು ಗಂಜಿ ಕೊಡ್ತಾನಾ?”

ಜೆಸ್ಸಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ. ಮೂಗು ಒರೆಸಿಕೊಳ್ಳುತ್ತ ಅಂದಳು: “ಅಮ್ಮ, ಜ್ವರ ಬಂದರೂ ಶನಿವಾರ ಆಡುತ್ತೇನೆ. ನಾನು ಬಿಟ್ಟರೆ ಗೋಲಿನಲ್ಲಿ ನಿಲ್ಲಲು ಬೇರೆ ಯಾರೂ ಇಲ್ಲ.”

ಮಾರ್ಚಿನಲ್ಲಿ ಒಂದು ತಮಾಷೆ ಆಯಿತು. ರೆನಾಟೆ ತನ್ನ ಅಡುಗೆಮನೆಯ ಮರದ ಕುರ್ಚಿಯೊಂದನ್ನು ತಂದು, ಅದಕ್ಕೆ ಶಾಲು ಹೊದಿಸಿ, ನಮ್ಮ ಮಧ್ಯೆ ಇಟ್ಟಳು. ಮಾಲೀಕರ ಕುರ್ಚಿ. ಅದಕ್ಕೊಂದು ಟಿಕೆಟ್ಟನ್ನೂ ತೆಗೆಸಿದ್ದಳು. ಅಲ್ಲಿಂದ ಮುಂದೆ ಕುರ್ಚಿ ಪ್ರತಿ ಪಂದ್ಯಕ್ಕೂ ಬಂತು, ರೈಲಿನಲ್ಲಿ ಬೇರೆ ಊರುಗಳಿಗೂ ಬಂತು. ಮಳೆ ಬಂದರೆ ಗೋಪಿನಾಥರು ಅದಕ್ಕೆ ಕೊಡೆ ಹಿಡಿಯುತ್ತಿದ್ದರು. ಇದು ಪೇಪರಿನಲ್ಲಿ ಬಂದಮೇಲೆ ಸಾಹೇಬರಿಗೆ ಬಿಸಿ ತಟ್ಟಿರಬೇಕು. ಮೇ ತಿಂಗಳ ಕೊನೆಯ ಪಂದ್ಯದ ದಿನ ದೊಡ್ಡ ಪರದೆಯ ಮೇಲೆ ಅವರ ವಿಡಿಯೊ ಹಾಕಿದರು. ಬಿಳಿ ಗೋಡೆ, ಬಿಳಿ ಅಂಗಿ, ಬಿಳಿ ಹಲ್ಲು. “ನನ್ನ ಹೃದಯ ಸದಾ ಎರ್ಲೆನ್‌ಬಾಖ್ ಜೊತೆಗಿದೆ” ಎಂದರು.

ಮಧು, ನಮ್ಮದು ಎರ್ಲೆನ್‌ಟಾಲ್. ಎರ್ಲೆನ್‌ಬಾಖ್ ಪಕ್ಕದೂರು, ನಮ್ಮ ಬದ್ಧವೈರಿಗಳ ತಂಡ. ಹುಬ್ಬಳ್ಳಿಯವರ ಮುಂದೆ ನಿಂತು ‘ಧಾರವಾಡದ ನನ್ನ ಬಂಧುಗಳೇ’ ಎಂದು ಕರೆದ ಹಾಗೆ. ಆಗ ಎದ್ದ ಕೂಗಿಗೆ ಆಟಗಾರರೇ ಬೆಚ್ಚಿ ನಿಂತರು. ನಾನೂ ಕೂಗಿದೆ. ಕನ್ನಡದಲ್ಲಿ ಏನೇನು ಕೂಗಿದೆ ಎನ್ನುವುದು ನಿನಗೆ ಬೇಡ.

ಆದರೆ ಆ ವಾರವೇ ನಿಜವಾದ ಪೆಟ್ಟು ಬಿತ್ತು. ಖರ್ಚು ಇಳಿಸುವ ಸಲುವಾಗಿ ಹುಡುಗಿಯರ ತಂಡಗಳನ್ನೆಲ್ಲ ಮುಚ್ಚುವುದು, ಮಂಗಳವಾರದ ಮುದುಕರ ಫುಟ್‌ಬಾಲ್ ನಿಲ್ಲಿಸುವುದು, ಅವರೆಲ್ಲ ಆಡುವ ಹಳೆಯ ಮೈದಾನವನ್ನು ಗೋದಾಮು ಕಟ್ಟುವವರಿಗೆ ಮಾರುವುದು, ಇದು ಸಾಹೇಬರ ಹೊಸ ಯೋಜನೆ. ಮುದುಕರ ಫುಟ್‌ಬಾಲ್ ಅಂದರೆ ನಗಬೇಡ. ಅದರಲ್ಲಿ ಓಡುವ ಹಾಗಿಲ್ಲ, ನಡೆದೇ ಆಡಬೇಕು. ಯಾರಾದರೂ ಆಸೆ ತಡೆಯಲಾರದೆ ಎರಡು ಹೆಜ್ಜೆ ಓಡಿದರೆ ಗೋಪಿನಾಥರು ನಿಂತಲ್ಲಿಂದಲೇ ಶಿಳ್ಳೆ ಹಾಕುತ್ತಾರೆ. ಇವರ ವಾರ ಶುರುವಾಗುವುದೇ ಮಂಗಳವಾರ. ಆ ಮೈದಾನ ಹೋದರೆ ಇವರಿಗೆ ಏನು ಉಳಿಯುತ್ತದೆ, ಹೇಳು.

ಪುಣ್ಯಕ್ಕೆ ಆ ಮೈದಾನ ಸದಸ್ಯರ ಸಂಘದ ಹೆಸರಿನಲ್ಲಿದೆ. ಮಾರಬೇಕಾದರೆ ಸಭೆ ಕರೆದು ಕೈ ಎತ್ತಿಸಬೇಕು. ಅಧ್ಯಕ್ಷ ಹೆರ್ ಫೊಗ್ಟ್ ಜಾಣ. ಜೂನ್ ಇಪ್ಪತ್ತಕ್ಕೆ ಸಭೆ ಇಟ್ಟ. ಹಿಂದಿನ ದಿನ ಗುರುವಾರ ಹಬ್ಬದ ರಜೆ, ಮುಂದೆ ಶನಿವಾರ-ಭಾನುವಾರ, ಶಾಲೆಗಳಿಗೂ ರಜೆ. ಅರ್ಧ ಊರು ಇಟಲಿಯ ಸರೋವರದ ದಂಡೆಯಲ್ಲಿ ಬಿದ್ದಿರುತ್ತದೆ, ಉಳಿದವರು ನಾಲ್ಕು ಜನ ಬಂದು ಹೂಂ ಅಂದು ಹೋಗುತ್ತಾರೆ ಎಂಬ ಲೆಕ್ಕ.

ನಾವು ಸದಸ್ಯರ ಮನೆ ಮನೆ ತಿರುಗಿದೆವು. ನಾನು, ರೆನಾಟೆ, ಜೂಲಿಯಾನಾ. ಹೆಂಗಸರು ಅರಿಶಿನ-ಕುಂಕುಮಕ್ಕೆ ಕರೆಯಲು ಹೋಗುವ ಹಾಗೇ ಹೋದೆವು ಅನ್ನು. ಒಬ್ಬ ಮುದುಕ ಬಾಗಿಲನ್ನು ಅರ್ಧ ತೆರೆದು, “ನನಗೆ ಫುಟ್‌ಬಾಲ್‌ನಲ್ಲಿ ಆಸಕ್ತಿ ಹೋಯಿತು, ಈಗ ಎಲ್ಲ ದುಡ್ಡಿನ ಆಟ” ಅಂದ. ಜೂಲಿಯಾನಾ ಬಿಡಲಿಲ್ಲ. “ಆಸಕ್ತಿ ಇಲ್ಲದಿದ್ದರೆ ಇರಲಿ, ನಿಮಗೆ ಕೈ ಇದೆಯಲ್ಲ, ಅದನ್ನು ಎತ್ತಿ ಸಾಕು” ಅಂದಳು. ಅವನು ನಕ್ಕು ಒಳಗೆ ಕರೆದ. ಹೊರಗೆ ಬಂದ ಮೇಲೆ ಅವಳು ಕನ್ನಡದಲ್ಲಿ ನನಗೆ, “ಇವರಿಗೆ ನೇರ ಹೇಳಬೇಕು ಅಕ್ಕ, ಸುತ್ತಿ ಬಳಸಿ ಹೇಳಿದ್ರೆ ಕೇಕ್ ಕೊಟ್ಟು ಕಳಿಸ್ತಾರೆ ಅಷ್ಟೆ” ಎಂದಳು.

ಶುಕ್ರವಾರ ಸಂಜೆ ಶಾಲೆಯ ಕ್ರೀಡಾಭವನದ ಬಾಗಿಲಿಗೆ ಹೋಗಿ ನೋಡುತ್ತೇನೆ, ನಿಲ್ಲಲು ಜಾಗವಿಲ್ಲ. ರಜೆಗೆ ಹೋದವರೂ ಕಾರು ತಿರುಗಿಸಿಕೊಂಡು ಬಂದಿದ್ದರು. ಕೆಲವರ ಮೂಗು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ಒಬ್ಬಾತ ಚಡ್ಡಿಯಲ್ಲೇ ಬಂದಿದ್ದ. ಹೆರ್ ಫೊಗ್ಟ್ ಹಣೆ ಒರೆಸಿಕೊಳ್ಳುತ್ತಿದ್ದ. ಮಾಲೀಕರ ಪರವಾಗಿ ಬಂದಿದ್ದ ತರುಣ ವಕೀಲ ಪರದೆಯ ಮೇಲೆ ಲೆಕ್ಕದ ಏರಿಳಿತದ ಗೆರೆಗಳನ್ನು ತೋರಿಸಿ, ಕೊನೆಗೆ, “ಭಾವನೆಗಳನ್ನು ಗೌರವಿಸುತ್ತೇವೆ, ಆದರೆ ಭಾವನೆಗಳಿಂದ ಕ್ಲಬ್ಬು ನಡೆಯುವುದಿಲ್ಲ” ಎಂದ.

ಆಮೇಲೆ ಸದಸ್ಯರು ಮಾತಾಡಬಹುದು ಎಂದರು. ನಾನು ಮಾತಾಡಬೇಕೆಂದು ಹೋಗಿರಲಿಲ್ಲ, ಆಣೆ. ರೆನಾಟೆ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಮೈಕು ಕೈಗೆ ಬಂತು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಇವರ ಭಾಷೆಯಲ್ಲೇ ದುಡಿದರೂ ನನ್ನ ವ್ಯಾಕರಣ ಇನ್ನೂ ಕುಂಟುತ್ತದೆ, ಯಾವ ಪದ ಗಂಡು ಯಾವ ಪದ ಹೆಣ್ಣು ತಿಳಿಯುವುದಿಲ್ಲ. ಆದರೂ ಹೇಳಿದೆ.

“ನಾನು ಈ ಊರಿಗೆ ಬಂದ ಮೊದಲ ವಾರ ನಮ್ಮ ಬಾಗಿಲಿಗೆ ಒಂದು ಹಲಗೆ ನೇತುಹಾಕಿದ್ದರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು ಅಂತ. ನಾನು ಬಾಡಿಗೆಯವಳು, ಪರದೇಶದವಳು, ಆದರೂ ಗುಡಿಸಿದೆ. ಮೂಲೆಯಲ್ಲಿ ಧೂಳು ಬಿಟ್ಟೆನೆಂದು ಕೆಳಮನೆಯ ಅಜ್ಜಿ ಬಂದು ತೋರಿಸಿಕೊಟ್ಟರು. ಮತ್ತೆ ಗುಡಿಸಿದೆ. ಆ ಮೆಟ್ಟಿಲು ನಮ್ಮೆಲ್ಲರದು ಅನ್ನುವುದು ನನಗೆ ತಿಳಿದದ್ದು ಹಾಗೆ. ಈ ಮಾಲೀಕರು ಬಂದು ನಾಲ್ಕು ವರ್ಷವಾಯಿತು. ಹುಲ್ಲು ಕತ್ತರಿಸಲಿಲ್ಲ, ಗೋಲಿಗೆ ಬಲೆ ಕಟ್ಟಲಿಲ್ಲ, ನಮ್ಮ ಹುಡುಗಿಯರಿಗೆ ಒಂದು ಬಕೆಟ್ ಬಿಸಿನೀರು ಕೊಡಲಿಲ್ಲ. ಹೆರ್ ಫೊಗ್ಟ್, ನನಗೆ ಒಂದೇ ಪ್ರಶ್ನೆ. ಮಾಲೀಕರ ಗುಡಿಸುವ ಸರದಿ ಯಾವಾಗ?”

ಮೊದಲು ನಕ್ಕವನು ಆ ಚಡ್ಡಿಯವನು. ಆಮೇಲೆ ಇಡೀ ಭವನ. ನಗು ಹೋಗಿ ಕಾಲು ಬಡಿತವಾಯಿತು, ಕಾಲು ಬಡಿತ ಹೋಗಿ ಘೋಷಣೆಯಾಯಿತು: “ಸರದಿ ಯಾವಾಗ, ಸರದಿ ಯಾವಾಗ.” ತರುಣ ವಕೀಲ ಕಂಪ್ಯೂಟರ್ ಮುಚ್ಚಿ ನೀರು ಕುಡಿದ. ಮಧು, ಎಂಥ ಸಂತೋಷ ಅದು, ಹೇಗೆ ಹೇಳಲಿ. ಇಷ್ಟು ವರ್ಷ ಈ ಊರಲ್ಲಿ ಮೆತ್ತಗೆ ಮಾತಾಡಿಕೊಂಡು ಬದುಕಿದವಳು ನಾನು.

ಎತ್ತಿದ ಕೈಗಳನ್ನು ಸಾಲು ಸಾಲಾಗಿ ಎಣಿಸತೊಡಗಿದರು. ಆಗ ನನ್ನ ಪಕ್ಕದಿಂದ ಕ್ಲಬ್ಬಿನ ಹಾಡು ಕೇಳಿಸಿತು. ಗೋಪಿನಾಥರು ಎದ್ದು ನಿಂತು ಹಾಡುತ್ತಿದ್ದರು. ಎಲ್ಲರಿಗೂ ಪಲ್ಲವಿ ಗೊತ್ತು, ಹಳೆಯ ಚರಣಗಳು ಗೊತ್ತಿರುವುದು ಇವರಿಗೇ. ಒಂದೂ ತಪ್ಪದೆ ಹಾಡಿದರು. ಪಲ್ಲವಿ ಬಂದಾಗಲೆಲ್ಲ ಭವನವೇ ಸೇರಿಕೊಂಡಿತು. ನನ್ನ ಗಂಟಲು ಹೋದದ್ದು ಆಗ.

ಮಾರಾಟ ಬೇಡವೆಂದವರೇ ಹೆಚ್ಚು, ಬಹಳ ಹೆಚ್ಚು. ಹೆರ್ ಫೊಗ್ಟ್ ಅದನ್ನು ಓದಿ ಮುಗಿಸುವ ಮೊದಲೇ ಜೆಸ್ಸಿ ತನ್ನ ತಂಡದ ಹುಡುಗಿಯರ ಮೇಲೆ ಹಾರಿದ್ದಳು. “ನಾವು ಇರುತ್ತೇವೆ, ನಾವು ಇಲ್ಲೇ ಇರುತ್ತೇವೆ” ಎಂದು ಜರ್ಮನ್‌ನಲ್ಲಿ ಕೂಗುತ್ತ ಬಂದವಳು, ನನ್ನ ಮುಂದೆ ನಿಂತು, ಮೊದಲ ಸಲ ಕನ್ನಡದಲ್ಲಿ, “ತುಂಬ ಥ್ಯಾಂಕ್ಸ್, ದೊಡ್ಡಮ್ಮ” ಅಂದಳು. ಜೂಲಿಯಾನಾ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು.

ಎಲ್ಲ ಸರಿಹೋಯಿತೆಂದಲ್ಲ. ಸಾಹೇಬರು ತಮ್ಮ ಪಾಲು ಮಾರಿಬಿಡುವ ಮಾತಾಡುತ್ತಿದ್ದಾರಂತೆ. ಗಂಡಸರ ತಂಡ ಕೆಳಗಿನ ದರ್ಜೆಗೆ ಇಳಿಯಬಹುದು. ಇಳಿಯಲಿ. ಹುಲ್ಲು ಕತ್ತರಿಸಲು ಆಗಲೇ ಜನ ಹೆಸರು ಕೊಟ್ಟಿದ್ದಾರೆ. ನೀರು ಕಾಯಿಸುವ ಯಂತ್ರದ ರಿಪೇರಿಗೆ ಇವತ್ತು ಒಬ್ಬ ಪ್ಲಂಬರ್ ತಾನಾಗಿ ಬಂದಿದ್ದಾನೆ. ಅದನ್ನು ನೋಡಲೆಂದೇ ಇವರು ಹೋಗಿರುವುದು. ಮಂಗಳವಾರದ ಆಟ ಮಂಗಳವಾರವೇ ನಡೆಯುತ್ತದೆ.

ನಿನ್ನ ಮೊಮ್ಮಗಳು ಸಂಹಿತಾ ಕಾಲೇಜಿನಲ್ಲಿ ಖೋಖೋ ಆಡುತ್ತಾಳೆಂದು ಬರೆದಿದ್ದೆಯಲ್ಲ, ಆಡಲಿ, ಬಿಡಿಸಬೇಡ. ಅವಳಿಗೆ ನನ್ನ ತುಂಬು ಹಾರೈಕೆ, ಅವಳ ಕಾಲಿಗೆ ಬಲ ಇರಲಿ, ದನಿಗೂ ಇರಲಿ. ನಿನ್ನ ಮಂಡಿ ಬೇಗ ವಾಸಿಯಾಗಿ ನೀನು ಮೊದಲಿನ ಹಾಗೆ ಸಂಜೆ ಕೆರೆಯ ಕಡೆ ನಡೆಯುವಂತಾಗಲಿ ಎಂದು ದಿನಾ ದೇವರ ಮುಂದೆ ಹೇಳಿಕೊಳ್ಳುತ್ತೇನೆ.

ನಿನ್ನ
ಸಾವಿತ್ರಿ

ಇನ್ನೊಂದು ಮಾತು: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಇವರಿಗೆ ಮರೆವಿನ ಕಾಯಿಲೆ ಎಂದು ಕಳೆದ ವರ್ಷ ಡಾಕ್ಟರು ಹೇಳಿದರು. ರೂಢಿಯ ಜಾಗ, ರೂಢಿಯ ಜನ ತಪ್ಪಿಸಬೇಡಿ ಅಂದಿದ್ದಾರೆ. ನಾನು ಮೈದಾನಕ್ಕಾಗಿ ಅಷ್ಟು ಕೂಗಿದ್ದು ಅದಕ್ಕೇ.

ಶುಕ್ರವಾರ ಸಭೆ ಮುಗಿಸಿ ಬಸ್ ಸ್ಟಾಪಿನಲ್ಲಿ ಕೂತಿದ್ದೆವು. ಇನ್ನೂ ಬಿಸಿಲಿತ್ತು, ಜೂನಿನಲ್ಲಿ ಇಲ್ಲಿ ಕತ್ತಲಾಗುವುದು ಬಹಳ ತಡ. ದನಿಯಿಲ್ಲದ ದನಿಯಲ್ಲಿ ನಾನು “ಸಾಕಾತ್ರಿ?” ಎಂದು ಕೇಳಿದೆ. ಇವರು ಥಟ್ಟನೆ ನನ್ನ ಕಡೆ ತಿರುಗಿದರು, ಮುಖವೆಲ್ಲ ಅರಳಿತ್ತು.

“ನೀವು ಕನ್ನಡದವ್ರಾ? ಯಾವ ಊರು ತಮ್ಮದು?”

“ಧಾರವಾಡ ರೀ” ಅಂದೆ.

“ನಮ್ಮನೆಯವ್ಳೂ ಧಾರವಾಡದವ್ಳೇ. ಒಂದ್ಸಲ ಮನೆಗೆ ಬನ್ನಿ. ನಿಮ್ಮ ಕಡೆ ಮಾತು ಕೇಳಿದ್ರೆ ಅವಳಿಗೆ ಎಷ್ಟು ಖುಷಿಯಾಗತ್ತೆ ಗೊತ್ತಾ.”

“ಬರ್ತೀನ್ರಿ” ಅಂದೆ. ಬಸ್ಸು ಬಂತು. ಇವರು ಪಕ್ಕಕ್ಕೆ ಸರಿದು, ಪರಸ್ತ್ರೀಗೆ ಕೊಡುವ ಮರ್ಯಾದೆಯಿಂದ, ನನಗೆ ಮೊದಲು ಹತ್ತಲು ದಾರಿ ಬಿಟ್ಟರು.